ಜಗಲಿ ಗೋಡೆಯ ಕೆಮ್ಮಣ್ಣಿನ ಗುರುತು

ಹಳೆಯ ಮನೆಯ ಅಳತೆ ತೆಗೆಯುವುದಕ್ಕೆ ಮೊದಲು ಬೇಕಾದದ್ದು ಟೇಪಲ್ಲ, ನೀರು. ತೊಟ್ಟಿ ಮನೆಗಳ ನೆಲ ಎಲ್ಲಿಯೂ ಸಮವಾಗಿರುವುದಿಲ್ಲ. ಹಜಾರ ಒಂದು ಎತ್ತರ, ನಡುಮನೆ ಇನ್ನೊಂದು ಎತ್ತರ, ಜಗಲಿಯಂತೂ ಜನ ಕೂತು ಕೂತು ಸವೆದು ಒಂದು ಕಡೆಗೆ ವಾಲಿರುತ್ತದೆ. ಆ ನೆಲವನ್ನು ನಂಬಿ ಅಳೆದರೆ ಕಾಗದದ ಮೇಲೆ ಮನೆಯೇ ಸೊಟ್ಟಗೆ ಬರುತ್ತದೆ. ಆದ್ದರಿಂದ ಗಾರೆಯವರ ಹಾಗೆ ತೆಳು ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ, ಒಂದು ತುದಿಯನ್ನು ಬೀದಿ ಗೋಡೆಗೂ ಇನ್ನೊಂದನ್ನು ಒಳಗಿನ ಗೋಡೆಗೂ ಹಿಡಿಯುತ್ತೇವೆ. ಎರಡೂ ಕಡೆ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಅಲ್ಲೊಂದು ಗೆರೆ, ಗೆರೆಯ ಪಕ್ಕ ಒಂದು ಬಾಣ. ಆಮೇಲೆ ಆ ಗೆರೆಯಿಂದ ಮೇಲಕ್ಕೆಷ್ಟು, ಕೆಳಕ್ಕೆಷ್ಟು ಎಂದು ಅಳೆಯುವುದು.

ನಮ್ಮ ಕೆಲಸ ನಡೆದದ್ದು ವಿಜಯನಗರದ ಬಡಾವಣೆಗಳನ್ನು ದಾಟಿ ಹೆಬ್ಬಾಳದ ಕಡೆಗೆ ಹೋಗುವ ಒಂದು ಹಳೆಯ ಊರ ರಸ್ತೆಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಯಾರ ಮನೆಯೆಂದು ಗೊತ್ತಾಗಿಬಿಡುತ್ತದೆ. ಒಂದು ಕಾಲಕ್ಕೆ ಎತ್ತಿನ ಗಾಡಿಯ ಜಾಡಾಗಿದ್ದ ಆ ರಸ್ತೆಯಲ್ಲಿ ಪೀಜಿಗಳು, ಮೊಬೈಲ್ ಅಂಗಡಿಗಳು, ಟೈಲ್ಸ್ ಗೋದಾಮುಗಳ ನಡುವೆ ಹತ್ತು ಹನ್ನೆರಡು ತೊಟ್ಟಿ ಮನೆಗಳು ಇನ್ನೂ ಉಸಿರು ಹಿಡಿದುಕೊಂಡಿದ್ದವು. ಅವುಗಳ ಚರಿತ್ರೆಯನ್ನು ಒಂದು ಪುಸ್ತಕ ಮಾಡಬೇಕೆಂದು ಹೊರಟವರು ಒಬ್ಬ ನಿವೃತ್ತ ಚರಿತ್ರೆ ಮೇಷ್ಟ್ರು. ಕಥೆ ಕೇಳಿ ಬರೆದುಕೊಳ್ಳುವುದು ಅವರ ಪಾಲು, ಅಳತೆ ತೆಗೆದು ನಕ್ಷೆ ಬರೆಯುವುದು ನನ್ನ ಪಾಲು. ನಾನು ಲಕ್ಷ್ಮೀಪುರಂನಲ್ಲಿ ಒಂದು ಬಾಡಿಗೆ ಮಹಡಿಯಲ್ಲಿ ಕೂತು ಹಳೆಯ ಕಟ್ಟಡಗಳ ನಕ್ಷೆ ಬರೆದು ಬದುಕುವವಳು.

ಪೈಪಿನ ಇನ್ನೊಂದು ತುದಿ ಹಿಡಿಯಲು ಮೇಷ್ಟ್ರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅವರೋ, ಯಾರಾದರೂ ಹಿರಿಯರು ಕಂಡರೆ ಸಾಕು, ಪೈಪನ್ನು ಹಿಡಿದುಕೊಂಡೇ ಅವರ ಹಿಂದೆ ಹೊರಟುಬಿಡುವರು. ನನ್ನ ಕೈಯಲ್ಲಿನ ನೀರು ಸರ್ರನೆ ಇಳಿದುಹೋಗುತ್ತಿತ್ತು.

"ಸಾರ್, ಅಲ್ಲೇ ನಿಂತ್ಕೊಳ್ಳಿ ಅಂದ್ರೆ ನಿಂತ್ಕೊಳ್ಳೋಕಾಗಲ್ವಾ ನಿಮಗೆ?" ಎಂದು ನಾನು ಒಳಗಿನಿಂದ ಕೂಗುವುದು.

"ಬಂದೆ ಕಣಮ್ಮ, ಇವರ ಜಗಲೀಲೂ ಮಹಾರಾಜರು ಕೂತು ಮಜ್ಜಿಗೆ ಕುಡಿದಿದ್ದಾರಂತೆ, ಅದೊಂದು ಬರ್ಕೊಂಡ್ಬಿಡ್ತೀನಿ" ಎಂದು ಅವರು ಬೀದಿಯಿಂದ ಕೂಗುವುದು. ಆ ರಸ್ತೆಯಲ್ಲಿ ಪ್ರತಿ ಮನೆಯವರೂ ಇದೇ ಮಾತು ಹೇಳುತ್ತಿದ್ದರು. ಎಲ್ಲವೂ ನಿಜವಾದರೆ ರಾಜ್ಯಭಾರಕ್ಕೆ ಮಹಾರಾಜರಿಗೆ ಪುರುಸೊತ್ತೇ ಸಿಕ್ಕಿರಲಾರದು ಎಂದು ಮೇಷ್ಟ್ರು ನಗುತ್ತಿದ್ದರು, ಆದರೂ ಬರೆದುಕೊಳ್ಳುತ್ತಿದ್ದರು.

ಮೊದಲ ವಾರವೇ ಒಂದು ಎಡವಟ್ಟಾಯಿತು. ಆ ಮನೆಗಳಿಗೆ ಬೇರೆ ಬೇರೆ ಕಾಲದಲ್ಲಿ ಹೊಡೆದ ನಂಬರು ತಗಡುಗಳಿದ್ದವು. ಒಂದೇ ನಂಬರಿನ ಎರಡು ಮನೆ, ನಂಬರೇ ಇಲ್ಲದ ಮನೆ, ಎಲ್ಲ ಇತ್ತು. ನಾನು ಒಂದು ಮನೆಯ ಕಂಬಗಳನ್ನು ಇನ್ನೊಂದು ಮನೆಯ ತೊಲೆಗಳಿಗೆ ಸೇರಿಸಿ ಅಂದವಾಗಿ ನಕ್ಷೆ ಬರೆದಿಟ್ಟಿದ್ದೆ. ಗೊತ್ತಾದಾಗ ನನ್ನ ಮೇಲೆಯೇ ರೇಗಿ, ಇನ್ನು ಮೇಲೆ ನಮ್ಮದೇ ನಂಬರು ಹಾಕಿ ಫೋಟೋ ತೆಗೆಯೋಣ ಎಂದು ತೀರ್ಮಾನಿಸಿದೆ. ಸುಣ್ಣದ ಗೋಡೆಯ ಮೇಲೆ ಚಾಕ್‌ಪೀಸು ಕಾಣುವುದಿಲ್ಲ, ಮಾರ್ಕರು ಮತ್ತೆ ಹೋಗುವುದಿಲ್ಲ. ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಬರೆದರೆ ಒದ್ದೆ ಬಟ್ಟೆಗೆ ಹೋಗುತ್ತದೆ, ಗೋಡೆಗೂ ನೋವಿಲ್ಲ. ಅಷ್ಟೆಲ್ಲ ಯೋಚನೆ ಮಾಡಿದೆ. ಬೀದಿ ಬದಿಯ ಗೋಡೆಯ ಮೇಲೆ ಕೆಂಪು ಬಣ್ಣದ ನಂಬರು, ಗೆರೆ, ಬಾಣ ಕಂಡರೆ ಆ ರಸ್ತೆಯ ಜನಕ್ಕೆ ಏನನ್ನಿಸಬಹುದು ಎಂಬುದನ್ನು ಮಾತ್ರ ಯೋಚಿಸಲಿಲ್ಲ.

ಅಲ್ಲಿಗೆ ಸ್ವಲ್ಪವೇ ದೂರದಲ್ಲಿ ಇನ್ನೊಂದು ರಸ್ತೆ ಕೆಲವು ವರ್ಷಗಳ ಹಿಂದೆ ಅಗಲವಾಗಿತ್ತು. ಅಲ್ಲಿಯೂ ಮೊದಲು ಯಾರೋ ಟೇಪು ಹಿಡಿದು ಬಂದಿದ್ದರು. ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದರು. ಎಲ್ಲಿಯವರೆಗೆ ಒಡೆಯುತ್ತಾರೆಂದು ಗೆರೆ ಎಳೆದು ಬಾಣ ಹಾಕಿದ್ದರು. ಇದು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಆ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ್ದೆ. ನನ್ನ ಗುರುತಿಗೂ ಆ ಗುರುತಿಗೂ ಸಂಬಂಧವಿದೆಯೆಂದು ಮಾತ್ರ ತಲೆಗೆ ಹೋಗಲಿಲ್ಲ. ನಾನು ಮನೆಗಳನ್ನು ಉಳಿಸುವ ಪೈಕಿ ಎಂದು ನನ್ನ ಬಗ್ಗೆ ನನಗಿದ್ದ ಅಭಿಪ್ರಾಯವೇ ಇದಕ್ಕೆ ಕಾರಣ.

ನಾನು ಹೇಳಬೇಕಾದ ಮನೆ ರಸ್ತೆಯ ತಿರುವಿನಲ್ಲಿತ್ತು. ಆ ಮನೆಯ ಮುಂದೆಯೇ ಹೆಬ್ಬಾಳದ ಬಸ್ಸು ನಿಲ್ಲುತ್ತಿತ್ತು. ಬೆಳಗಿನ ಪಾಳಿಗೆ ಹೋಗುವವರು ಅಲ್ಲಿಯೇ ಜಗಲಿಯ ಮೇಲೆ ಕೂತು ಇಡ್ಲಿಯೋ ಟೊಮೊಟೊ ಬಾತೋ ತಿಂದು ಬಸ್ಸು ಹತ್ತುತ್ತಿದ್ದರು. ಮಾಡಿ ಬಡಿಸುವವರು ಆ ಮನೆಯ ಗೃಹಿಣಿ, ನಡುವಯಸ್ಸಿನ ಗಟ್ಟಿ ಹೆಂಗಸು. ಎಲ್ಲರೂ ಅವರನ್ನು ಜಗಲಿ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರ ಯಜಮಾನರು ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವರು, ಮಿತಭಾಷಿ. ಜಗಲಿಯ ಮೇಲಿನ ಹೆಂಚಿನ ಮಾಡು, ಅದನ್ನು ಹೊತ್ತ ಕೆತ್ತನೆಯ ಕಂಬಗಳು, ಇವೇ ಅಕ್ಕನ ಅಂಗಡಿ. ಮಳೆ ಬಂದರೂ ಬಿಸಿಲು ಸುಟ್ಟರೂ ಗಿರಾಕಿ ಅಲ್ಲಿಂದ ಏಳುತ್ತಿರಲಿಲ್ಲ.

ನಾನು ಗುರುತು ಹಾಕಿದ ದಿನ ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇದು ಯಾತಕ್ಕೆ ಮೇಡಂ?" ಎಂದು ಕೇಳಿದರು.

"ದಾಖಲೆಗೆ ಅಣ್ಣ" ಎಂದೆ. ಬಾಯಲ್ಲಿ ಪೆನ್ಸಿಲು, ಒಂದು ಕೈಯಲ್ಲಿ ಪೈಪು. ಬಿಡಿಸಿ ಹೇಳುವ ತಾಳ್ಮೆ ಇರಲಿಲ್ಲ. ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಟೇಪು ಹಿಡಿದು ಬಂದವರನ್ನು ಎರಡನೆಯ ಸಲ ಕೇಳುವ ರೂಢಿ ಅವರಿಗಿಲ್ಲ ಎಂದು ನನಗೆ ಆಮೇಲೆ ಅರ್ಥವಾಯಿತು. ಅವರು ಒಳಗೆ ಹೋಗಿ ಅಕ್ಕನಿಗೆ ಏನೋ ಹೇಳಿದರು. ಅಕ್ಕ ಬಂದು ಆ ಗುರುತನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಮ್ಮಿಬ್ಬರಿಗೂ ತಟ್ಟೆ ತುಂಬ ಇಡ್ಲಿ ಹಾಕಿಕೊಟ್ಟರು.

ಅಂದಿನಿಂದ ನಾವು ಹೋದ ದಿನವೆಲ್ಲ ಅಲ್ಲಿ ತಿಂಡಿ. ಕೊಡಲು ಹೋದರೆ ದುಡ್ಡು ಮುಟ್ಟುತ್ತಿರಲಿಲ್ಲ. "ತಿನ್ನಿ ಮೇಡಂ, ನೀವೇನು ದಿನಾ ಬತ್ತೀರಾ" ಎಂದು ಇನ್ನೊಂದು ಸೌಟು ಚಟ್ನಿ ಸುರಿಯುವರು. ನಾನು ಊರಿನವರ ಒಳ್ಳೆಯತನವನ್ನು ಮೇಷ್ಟ್ರ ಮುಂದೆ ಹೊಗಳುತ್ತಿದ್ದೆ. ಆ ಇಡ್ಲಿಯೆಲ್ಲ ಮನೆ ಒಡೆಯುವ ಆಫೀಸಿನವರಿಗೆ ಹಾಕಿದ್ದು, ಒಂದಿಷ್ಟು ಕರುಣೆ ಬರಲಿ, ಗೆರೆ ಒಂದೆರಡು ಅಡಿ ಹಿಂದೆ ಸರಿಯಲಿ ಎಂದು ಹಾಕಿದ್ದು. ಅದು ನನಗೆ ತಿಳಿದದ್ದು ಆಮೇಲೆ.

ಯುಗಾದಿಗೆ ಅಕ್ಕ ಮನೆಗೆ ಸುಣ್ಣ ಹೊಡೆಸಿದರು. ಹಬ್ಬ ಕಳೆದು ನಾನು ಹೋದಾಗ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ನಂಬರು, ಗೆರೆ, ಬಾಣ ಮಾತ್ರ ಹಾಗೇ ಇದ್ದವು. ಅವುಗಳ ಸುತ್ತ ಒಂದು ಹನಿಯೂ ತಾಗದ ಹಾಗೆ ಜೋಪಾನವಾಗಿ ಚೌಕ ಬಿಟ್ಟು ಸುಣ್ಣ ಹೊಡೆದಿದ್ದರು. ನನಗೆ ಬಹಳ ಸಂತೋಷವಾಯಿತು. ನಮ್ಮ ಕೆಲಸಕ್ಕೆ ಎಷ್ಟು ಬೆಲೆ ಕೊಡುತ್ತಾರೆ ನೋಡಿ ಎಂದು ಅದರ ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿದೆ. ಮುಟ್ಟಲು ಹೆದರಿ ಬಿಟ್ಟಿದ್ದಾರೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಕೆಲವು ವಾರ ನಾನು ಆ ಕಡೆ ಹೋಗಲಿಲ್ಲ. ಲಕ್ಷ್ಮೀಪುರಂನ ಮಹಡಿಯಲ್ಲಿ ಫ್ಯಾನಿನ ಕೆಳಗೆ ಕೂತು ಅಳತೆಗಳನ್ನೆಲ್ಲ ನಕ್ಷೆಗಿಳಿಸಿದೆ. ತಿರುವಿನ ಮನೆಯ ನಕ್ಷೆ ಎಲ್ಲಕ್ಕಿಂತ ಚೆನ್ನಾಗಿ ಬಂತು. ಕಂಬದ ತಲೆಯ ಮೇಲೆ ಎರಡು ಕಡೆಗೂ ಕೈಚಾಚಿ ತೊಲೆಯನ್ನು ಹೊರುವ ಮರದ ತುಂಡಿಗೆ ಬೋದಿಗೆ ಎನ್ನುತ್ತಾರೆ. ಆ ಮನೆಯ ಬೋದಿಗೆಗಳಲ್ಲಿ ಬಾಳೆಮೊಗ್ಗಿನ ಕೆತ್ತನೆ ಇತ್ತು. ಒಂದೊಂದನ್ನೂ ಪ್ರೀತಿಯಿಂದ ಬರೆದೆ. ಮಾಡಿನ ಒಳಭಾಗದ ಒಂದೆರಡು ಅಳತೆ ಬಾಕಿ ಇದ್ದವು, ಏಣಿ ಹತ್ತಿ ತೆಗೆದುಕೊಂಡು ಬಂದರೆ ಮುಗಿಯಿತು ಎಂದು ಒಂದು ಬೆಳಿಗ್ಗೆ ಹೊರಟೆ.

ತಿರುವಿನಲ್ಲಿ ಸ್ಕೂಟರು ನಿಲ್ಲಿಸಿದವಳಿಗೆ ಮನೆ ಎಲ್ಲಿಗೆ ಹೋಯಿತು ಎಂದು ತಿಳಿಯಲಿಲ್ಲ. ಜಗಲಿಯ ಮೇಲಿನ ಮಾಡೇ ಇರಲಿಲ್ಲ. ಹೆಂಚುಗಳನ್ನು ಬೇಲಿಯ ಪಕ್ಕ ಸಾಲಾಗಿ ಜೋಡಿಸಿದ್ದರು. ಕಂಬಗಳಿದ್ದ ಕಡೆ ಅವುಗಳ ಅಡಿಗಲ್ಲು ಮಾತ್ರ ಇತ್ತು. ಹಜಾರದ ಮಾಡೂ ಅರ್ಧ ಬಿಚ್ಚಿಹೋಗಿ ಆಕಾಶ ಕಾಣುತ್ತಿತ್ತು. ಬೀದಿಯ ಗೋಡೆ ಮಾತ್ರ ನಿಂತಿತ್ತು, ಅದರ ಮೇಲೆ ನನ್ನ ಗುರುತು. ಅಕ್ಕ ಎರಡು ಬಿದಿರು ಗಳಕ್ಕೆ ಟಾರ್ಪಾಲು ಕಟ್ಟಿಕೊಂಡು ಅದರ ಕೆಳಗೆ ಇಡ್ಲಿ ಪಾತ್ರೆ ಇಟ್ಟುಕೊಂಡಿದ್ದರು. ಗಿರಾಕಿಗಳು ಕಡಿಮೆಯಾಗಿದ್ದರು, ಇದ್ದವರೂ ನಿಂತೇ ತಿನ್ನುತ್ತಿದ್ದರು.

ಯಜಮಾನರು ಹಾರೆ ಕೆಳಗಿಟ್ಟು ಬಂದರು. "ಬನ್ನಿ ಮೇಡಂ. ನೀವು ಬರೆದೋದ ಮೇಲೆ ಸುಮ್ನೆ ಕೂರಕ್ಕಾಯ್ತದಾ? ಆಚೆ ರೋಡ್ನಲ್ಲಿ ನಮ್ ಜೊತೆ ಕೆಲ್ಸ ಮಾಡೋನು ಒಬ್ಬ ಇದ್ದ. ನೋಡಾನ ನೋಡಾನ ಅಂತ ಕೂತ್ಕಂಡ. ಜೇಸಿಬಿ ಬಂದು ಕಂಬ ಬಾಕ್ಲು ಎಲ್ಲ ಪುಡಿ ಮಾಡ್ಬುಡ್ತು. ಒಂದು ಬಾಕ್ಲುವಾಡಾನೂ ಸಿಕ್ನಿಲ್ಲ ಅವ್ನಿಗೆ. ಅದ್ಕೇ ನಾವೇ ಬಿಚ್ಕೊಬುಟ್ಟೋ. ಮರ ಎಲ್ಲ ಹಳೇ ಸಾಮಾನಿನೋರು ತಗಂಡೋದ್ರು."

ನಾನು ಅಡಿಗಲ್ಲುಗಳನ್ನು ಎಣಿಸಿದೆ, ಆರು ಇದ್ದವು.

"ನೀವು ಒಳ್ಳೇವ್ರು ಮೇಡಂ, ಮುಂಚೇನೇ ಗುರ್ತು ಆಕಿ ತಿಳಿಸಿದ್ರಿ" ಎಂದರು ಅವರು.

ಆಗಲೇ ಹೇಳಬೇಕಿತ್ತು, ಇದು ನನ್ನ ಗುರುತು, ರಸ್ತೆಯವರದಲ್ಲ ಎಂದು. ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದೊಂದು ಮಾಡಿದೆ. ಹಜಾರದ ತೊಲೆಗಳ ಕೂಡಿಕೆ ಮಾಡು ಬಿಚ್ಚಿದ್ದರಿಂದ ಬಯಲಿಗೆ ಬಂದಿತ್ತು. ಮಾಡು ಇರುವಾಗ ಯಾರಿಗೂ ಕಾಣದಂಥ ಕೆಲಸ. ನನ್ನ ಕೈ ತಾನಾಗಿಯೇ ಮೊಬೈಲು ತೆಗೆದು ಅದರ ಫೋಟೋ ಹೊಡೆಯಿತು, ಟೇಪು ಬಿಚ್ಚಿ ಅಳೆಯಿತು. ಟಾರ್ಪಾಲಿನ ಕೆಳಗಿನಿಂದ ಅಕ್ಕ ನನ್ನನ್ನೇ ನೋಡುತ್ತಿದ್ದರು. ಸ್ಕೂಟರು ಹತ್ತಿದ ಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು. ಅವರ ಹಳೆಯ ವಿದ್ಯಾರ್ಥಿಯೊಬ್ಬರು ರಸ್ತೆಗಳ ವಿಷಯ ನೋಡುವ ಕಚೇರಿಯಲ್ಲಿದ್ದರು. ಫೋನು ಮಾಡಿ ಕೇಳಿದರು. ಆ ರಸ್ತೆಯನ್ನು ಅಗಲ ಮಾಡುವ ಯಾವ ಯೋಜನೆಯೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ನನಗೆ ಅನ್ನಿಸಿತು.

"ನೋಡಮ್ಮ" ಎಂದರು ಮೇಷ್ಟ್ರು, "ಈಗ ಹೋಗಿ ಹೇಳಿದ್ರೆ ಮರ ವಾಪಸು ಬರುತ್ತಾ? ಸುಮ್ಮನೆ ಹೊಟ್ಟೆ ಉರ್ಕೋತಾರೆ. ಇವತ್ತಲ್ಲ ನಾಳೆ ಆ ರಸ್ತೆ ಅಗಲ ಆಗೋದೇ. ಸ್ವಲ್ಪ ಮುಂಚೆ ಬಿಚ್ಚಿದರು ಅಂದ್ಕೋ."

"ಮಳೆ ಶುರುವಾದ್ರೆ ಅಕ್ಕ ಎಲ್ಲಿ ಕೂರ್ತಾರೆ ಸಾರ್? ಎದುರುಗಡೆ ಇನ್ನೊಬ್ಬ ತಳ್ಳುಗಾಡಿ ನಿಲ್ಲಿಸಿದಾನೆ ಆಗಲೇ."

ಮೇಷ್ಟ್ರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಅವರ ಮಾತು ತಪ್ಪೆಂದು ಹೇಳುವ ಧೈರ್ಯ ನನಗಿರಲಿಲ್ಲ, ಏಕೆಂದರೆ ನನ್ನ ಮನಸ್ಸು ಅದನ್ನೇ ಬಯಸುತ್ತಿತ್ತು. ಆದರೆ ಉಳಿದ ಮನೆಗಳ ಗೋಡೆಗಳ ಮೇಲೂ ನನ್ನ ಗುರುತುಗಳಿದ್ದವಲ್ಲ. ಅವರೂ ಮಾಡು ಬಿಚ್ಚಲು ಶುರುಮಾಡಿದರೆ? ಮೊದಲು ಅದನ್ನು ಅಳಿಸಬೇಕು, ಆಮೇಲೆ ಅಕ್ಕನಿಗೆ ಎಲ್ಲ ಹೇಳಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ.

ಮರುದಿನ ಬೆಳಿಗ್ಗೆ ಬಕೆಟ್ಟು, ಬಟ್ಟೆ ತೆಗೆದುಕೊಂಡು ಹೋಗಿ ಒಂದು ಕಡೆಯಿಂದ ಒರೆಸುತ್ತಾ ಬಂದೆ. ಪ್ರತಿ ಬಾಗಿಲಲ್ಲೂ ನಿಂತು, "ಇದು ಪುಸ್ತಕಕ್ಕೆ ಅಂತ ನಾನೇ ಹಾಕಿದ್ದು, ರಸ್ತೆಗೂ ಇದಕ್ಕೂ ಸಂಬಂಧ ಇಲ್ಲ" ಎಂದು ಹೇಳಿದೆ. ಜನ ಹೊರಗೆ ಬಂದು ನಿಂತು ನೋಡಿದರು. ಯಾರೂ ಬೈಯಲಿಲ್ಲ. ಒಬ್ಬರು ಓಡಿಹೋಗಿ ನೀರು ತುಂಬಿಕೊಟ್ಟರು. ಇನ್ನೊಬ್ಬರು ಕೈಮುಗಿದರು. ಯಾಕೆ ಮುಗಿಯುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ. ತಿರುವಿನ ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು.

ಅಕ್ಕ ಸೌಟು ಹಿಡಿದೇ ಎದುರಿಗೆ ಬಂದರು. ಕಣ್ಣಲ್ಲಿ ನೀರಿತ್ತು. "ರೋಡು ಕ್ಯಾನ್ಸಲ್ ಮಾಡ್ಸುದ್ರಂತೆ! ಎಂಗೆ ಮಾಡ್ಸುದ್ರಿ ಮೇಡಂ?"

"ಅಕ್ಕ, ರೋಡೇ ಇರಲಿಲ್ಲ. ಅದು ನನ್ನ ಗುರುತು. ನಾನು ಅಳತೆಗೆ ಅಂತ ಹಾಕಿದ್ದು. ನನ್ನಿಂದ ತಪ್ಪಾಯ್ತು. ನಿಮ್ಮ ಮನೆ ಬಿಚ್ಚಿದ್ದು ನನ್ನಿಂದ."

ಅಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕುಬಿಟ್ಟರು. "ಬುಡಿ ಮೇಡಂ, ನಂಗೆ ಗೊತ್ತಾಗಕಿಲ್ವಾ? ಮೇಲಿನೋರು ನಿಮ್ಮ ಮೇಲೆ ಬೀಳ್ತಾರೆ ಅಂತ ಅಂಗೇಳ್ತೀರಿ. ಗವರ್ಮೆಂಟೋರು ಆಕಿದ್ ಗುರ್ತ ಯಾರಾದ್ರೂ ಬಟ್ಟೇಲಿ ಒರೆಸಾಕೋಯ್ತಾರಾ? ಅಷ್ಟು ಧೈರ್ಯ ಮಾಡುದ್ರಲ್ಲ ನೀವು!"

ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ನಾನು ಹೆಚ್ಚು ಹೇಳಿದಷ್ಟೂ ನನ್ನ ದೊಡ್ಡತನ ಹೆಚ್ಚಾಯಿತು. ತಿಂಡಿ ತಿನ್ನುತ್ತಿದ್ದವರೆಲ್ಲ ನನ್ನ ಕಡೆ ತಿರುಗಿ ನೋಡಿದರು. ಯಜಮಾನರು ಮಾತ್ರ ಒಂದು ಮಾತೂ ಆಡದೆ ಬಿದಿರು ಗಳಕ್ಕೆ ಹಗ್ಗ ಬಿಗಿಯುತ್ತಿದ್ದರು.

ಇನ್ನು ಮಾತಿನಿಂದ ಆಗುವುದೇನೂ ಉಳಿದಿರಲಿಲ್ಲ. ಮಳೆಗೆ ಮೊದಲು ಆ ಮಾಡು ಮತ್ತೆ ಏಳಬೇಕು, ಅಕ್ಕ ಮತ್ತೆ ಜಗಲಿಯ ಮೇಲೆ ಕೂರಬೇಕು. ನನ್ನ ಬಳಿ ಆ ಮನೆಯ ಪೂರಾ ನಕ್ಷೆ ಇತ್ತು. ಮರ ಸಿಕ್ಕರೆ ಎಲ್ಲವನ್ನೂ ಇದ್ದಲ್ಲಿಯೇ ಕೂರಿಸಬಹುದಿತ್ತು. ಬಡಗಿಯ ಕೂಲಿ ನನ್ನದು ಎಂದು ಹೇಳಿ, ಯಜಮಾನರನ್ನು ಹಿಂದೆ ಕೂರಿಸಿಕೊಂಡು ಅವರ ಮರ ಕೊಂಡಿದ್ದ ಹಳೇ ಸಾಮಾನಿನ ವ್ಯಾಪಾರಿಯ ಅಂಗಳಕ್ಕೆ ಹೋದೆ.

ಅದು ಊರಾಚೆ ತಗಡಿನ ಬೇಲಿ ಹಾಕಿದ ದೊಡ್ಡ ಅಂಗಳ. ಒಳಗೆ ಕಂಬಗಳನ್ನು ರಾಶಿ ಹಾಕಿದ್ದರು, ಬಾಗಿಲುಗಳನ್ನು ಒಂದಕ್ಕೊಂದು ಒರಗಿಸಿದ್ದರು. ಎಷ್ಟು ಮನೆಗಳದ್ದೋ ದೇವರಿಗೇ ಗೊತ್ತು. ವ್ಯಾಪಾರಿ ನಗುನಗುತ್ತಾ ಮಾತಾಡುವ ಮನುಷ್ಯ, ಕುರ್ಚಿ ಹಾಕಿಸಿ ಟೀ ತರಿಸಿದರು. ನಕ್ಷೆ ನೋಡಿ ಅವರ ಮುಖ ಅರಳಿತು.

"ಎಲ್ಲ ವಾಪಸ್ ಕೊಡ್ತೀನಿ, ನಾನ್ ಕೊಟ್ಟಿದ್ ದುಡ್ಡು ಕೊಟ್ಬುಡಿ ಸಾಕು. ಆದ್ರೆ ನಂದೊಂದು ಕೆಲ್ಸ ಮಾಡ್ಕೊಡಿ ಮೇಡಂ. ನನ್ ಹತ್ರ ಇನ್ನೂ ಎರಡು ಮನೆ ಸಾಮಾನು ಅಂಗೇ ಬಿದ್ದದೆ. ರೆಸಾರ್ಟ್‌ನೋರು ಎಂಗೆ ನಿಲ್ಸದು ಅಂತ ಡ್ರಾಯಿಂಗ್ ಕೇಳ್ತಾವ್ರೆ. ಇದೇ ಥರ ಬರ್ಕೊಡಿ."

ಒಂದು ಮನೆ ಮತ್ತೆ ನಿಲ್ಲಬೇಕಾದರೆ ಇನ್ನೆರಡು ಮನೆಗಳನ್ನು ನಾನೇ ರೆಸಾರ್ಟಿಗೆ ಸಾಗಹಾಕಿಕೊಡಬೇಕು. ನಾನು ಯೋಚನೆಯನ್ನೇ ಮಾಡಲಿಲ್ಲ, ಆಗಲಿ ಎಂದೆ. ಅಂಥ ಕೆಲಸಕ್ಕೆ ಕರೆದವರಿಗೆ ಮುಂಚೆಯೆಲ್ಲ ಭಾಷಣ ಬಿಗಿದು ಕಳಿಸಿದವಳು ನಾನು.

ನಮ್ಮ ಕಂಬಗಳನ್ನು ರಾಶಿಯಿಂದ ಹುಡುಕಿ ತೆಗೆಯುವುದೇ ಒಂದು ದಿನದ ಕೆಲಸವಾಯಿತು. ಬಾಳೆಮೊಗ್ಗಿನ ಕೆತ್ತನೆ ಬೇರೆ ಮನೆಗಳಲ್ಲೂ ಇತ್ತು. ಒಂದೊಂದು ಕಂಬದ ಸುತ್ತಳತೆ, ಎತ್ತರ, ಬಿರುಕು ನೋಡಿ ನಕ್ಷೆಗೆ ತಾಳೆ ಹಾಕಿ ಬದಿಗಿಟ್ಟೆವು. ಎರಡು ಕಂಬ ಸಿಗಲೇ ಇಲ್ಲ, ಆಗಲೇ ಮಾರಾಟವಾಗಿದ್ದವು. ಅವುಗಳ ಬದಲಿಗೆ ವ್ಯಾಪಾರಿ ಬೇರೆ ಯಾವುದೋ ಮನೆಯ ಎರಡು ಕಂಬ ಕೊಟ್ಟರು. ಯಾರ ಮನೆಯವು ಎಂದು ಕೇಳಿದೆ, ಅವರಿಗೆ ನೆನಪಿರಲಿಲ್ಲ.

ಕಷ್ಟ ಇನ್ನೂ ಮುಂದಿತ್ತು. ಕಂಬದ ತಲೆಯಲ್ಲಿ ಗೂಟದಂಥ ಒಂದು ತುದಿ ಇರುತ್ತದೆ, ಅದು ಬೋದಿಗೆಯ ತೂತಿಗೆ ಹೋಗಿ ಕೂರುತ್ತದೆ. ಬಿಚ್ಚುವ ಅವಸರದಲ್ಲಿ ಅವುಗಳನ್ನು ಗರಗಸದಲ್ಲಿ ಕೊಯ್ದಿದ್ದರು. ಕಂಬ ನಿಲ್ಲಿಸಿದರೆ ಬೋದಿಗೆ ಅದರ ತಲೆಯ ಮೇಲೆ ಸುಮ್ಮನೆ ಕೂರುತ್ತಿತ್ತು, ತಳ್ಳಿದರೆ ಬೀಳುವ ಹಾಗೆ. ಬಡಗಿ ಕಂಬದ ತಲೆಗೆ ಹೊಸ ತೂತು ಕೊರೆದು ಸಾಗುವಾನಿಯ ಬೇರೆ ಗೂಟ ಹೊಡೆಯುವುದೆಂದು ತೀರ್ಮಾನವಾಯಿತು. ಅದಕ್ಕಾಗಿ ತಲೆಗಳನ್ನು ಮಟ್ಟ ಮಾಡಿದಾಗ ಕಂಬಗಳು ಒಂದೊಂದು ಒಂದೊಂದು ಎತ್ತರವಾದವು. ಅಡಿಗಲ್ಲಿನ ಮೇಲೆ ತೆಳು ಕಲ್ಲಿನ ಬಿಲ್ಲೆಗಳನ್ನಿಟ್ಟು ಸರಿದೂಗಿಸಬೇಕಾಯಿತು. ಯಾವ ಎತ್ತರಕ್ಕೆ ಸರಿದೂಗಿಸುವುದು? ಆ ರಸ್ತೆಯಲ್ಲಿ ನಾನು ಒರೆಸದೆ ಬಿಟ್ಟಿದ್ದ ಗುರುತು ಅಕ್ಕನ ಬೀದಿ ಗೋಡೆಯ ಮೇಲಿನದೊಂದೇ. ಅದಕ್ಕೆ ಪೈಪಿನ ಒಂದು ತುದಿ ಹಿಡಿದು, ಇನ್ನೊಂದು ತುದಿಯನ್ನು ಪ್ರತಿ ಕಂಬಕ್ಕೂ ಹಿಡಿದು ಮಟ್ಟ ನೋಡಿದೆವು.

ಪೈಪಿನ ಇನ್ನೊಂದು ತುದಿ ಹಿಡಿಯುತ್ತಿದ್ದವರು ಯಜಮಾನರು. ಪಾಳಿ ಮುಗಿಸಿ ಬಂದು, ಮುಖ ತೊಳೆದು, ನೇರ ಕೆಲಸಕ್ಕೆ ನಿಲ್ಲುವರು. ಒಂದು ದಿನವೂ ಹೆಚ್ಚಿಗೆ ಮಾತಾಡಲಿಲ್ಲ. "ಸರಿಯಾ?" ಎಂದು ನಾನು ಕೇಳುವುದು, "ಸರಿ ಮೇಡಂ" ಎಂದು ಅವರು ಹೇಳುವುದು, ಅಷ್ಟೇ. ನಡುವೆ ಒಂದು ಸಂಜೆ ಗುಡುಗು ಗಾಳಿಯ ಮಳೆ ಬಂತು. ಆಗಷ್ಟೇ ನಿಲ್ಲಿಸಿದ್ದ ತೊಲೆ ಜಾರಿ, ಒಂದು ಬೋದಿಗೆಯ ಬಾಳೆಮೊಗ್ಗು ಮುರಿದು ಬಿತ್ತು. ಟಾರ್ಪಾಲು ಹರಿದು ಅಕ್ಕನ ಇಡ್ಲಿ ಹಿಟ್ಟಿಗೆ ನೀರು ತುಂಬಿತು. ಮರುದಿನ ಅಂಗಡಿ ಇಲ್ಲ. ಗಿರಾಕಿಗಳು ಎದುರಿನ ತಳ್ಳುಗಾಡಿಗೆ ಹೋದರು. ಅಕ್ಕ ಬಾಗಿಲಲ್ಲಿ ಕೂತು ಅವರನ್ನೇ ನೋಡುತ್ತಿದ್ದರು. ಅವತ್ತು ನಾನು ಮತ್ತೊಮ್ಮೆ ಹೇಳಲು ನೋಡಿದೆ.

"ಅಕ್ಕ, ದಯವಿಟ್ಟು ನಂಬಿ. ಇದೆಲ್ಲ ನನ್ನಿಂದಲೇ ಆಗಿದ್ದು."

"ಮಳೆ ಬಂದ್ರೂ ನಿಮ್ದೇ ತಪ್ಪಾ? ಸುಮ್ಕಿರಿ ಮೇಡಂ" ಎಂದು ಅವರು ನನಗೇ ಸಮಾಧಾನ ಹೇಳಿದರು.

ಮೇಷ್ಟ್ರು ಆ ದಿನಗಳಲ್ಲಿ ಕಥೆ ಕೇಳಲು ಬಂದಾಗ, ರಸ್ತೆಯ ಕೊನೆಯ ಮನೆಯವರು ಅವರಿಗೆ ಹೊಸ ಕಥೆಯೊಂದನ್ನು ಹೇಳಿದರಂತೆ. ಒಬ್ಬ ಹೆಣ್ಣುಮಗಳು ಕಚೇರಿಯಲ್ಲಿ ಮೇಜು ಗುದ್ದಿ ಜಗಳವಾಡಿ ರಸ್ತೆ ನಿಲ್ಲಿಸಿದಳಂತೆ. ಮೇಷ್ಟ್ರು ನನಗೆ ಅದನ್ನು ಹೇಳುವಾಗ ನಗಲು ಹೊರಟವರು, ನನ್ನ ಮುಖ ನೋಡಿ ನಿಲ್ಲಿಸಿದರು. ಅದನ್ನು ಮಾತ್ರ ಬರೆದುಕೊಳ್ಳಲಿಲ್ಲ ಎಂದರು.

ಮುಂಗಾರು ಹಿಡಿಯುವ ಹೊತ್ತಿಗೆ ಮಾಡು ಎದ್ದಿತು. ಹಳೆಯ ಹೆಂಚುಗಳಲ್ಲಿ ಒಡೆದದ್ದು ಹೋಗಿ, ಉಳಿದವು ಜಗಲಿಗೆ ಸಾಕಾದವು, ಹಜಾರದ ಒಂದು ಪಕ್ಕಕ್ಕೆ ತಗಡಿನ ಶೀಟೇ ಗತಿಯಾಯಿತು. ಆರು ಕಂಬಗಳಲ್ಲಿ ಎರಡು ಬೇರೆ ಬಣ್ಣ. ಹೊಸಬರಿಗೆ ಗೊತ್ತಾಗದಿರಬಹುದು. ನನಗೆ ಆ ಮನೆಯ ಮುಂದೆ ಹೋದಾಗ ಆ ಎರಡನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಕೆಲಸ ಮುಗಿದ ದಿನ ಗೋಡೆಯ ಗುರುತನ್ನು ಒರೆಸಿ, ಪೈಪಿನ ನೀರು ಚೆಲ್ಲಿ ಸುತ್ತಿಟ್ಟೆ.

ಅಕ್ಕ ಹೊಸ್ತಿಲಿಗೆ ಪೂಜೆ ಮಾಡಿ, ಒಲೆ ಹೊತ್ತಿಸಿ, ಬೆಳಗಿನ ಪಾಳಿಯವರಿಗೆಲ್ಲ ಅವತ್ತು ಕೇಸರಿಬಾತು ಹಂಚಿದರು. ಜಗಲಿ ತುಂಬ ಜನ. ನಾನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಯಜಮಾನರು ಹಿಂದೆಯೇ ಬಂದರು. ಬಾವಿಕಟ್ಟೆಯ ಬಳಿ ನಿಂತು, ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ ಹೇಳಿದರು.

"ಮೇಡಂ, ನೀವು ಏಳಿದ್ದು ನಿಜ ಅಂತ ನಂಗೆ ಗೊತ್ತು. ಗುರ್ತು ಒರೆಸಿದ್ ಮಾರ್ನೇ ದಿನಾನೇ ನಾನು ಆಫೀಸ್ಗೆ ಓಗಿ ಇಚಾರಿಸ್ದೆ. ಯಾವ ರೋಡೂ ಇರ್ಲಿಲ್ಲ."

ಇಷ್ಟು ದಿನ ನನ್ನ ಎದುರಿಗೆ ಪೈಪು ಹಿಡಿದು ನಿಂತಿದ್ದವರು ಇದನ್ನು ತಿಳಿದುಕೊಂಡೇ ನಿಂತಿದ್ದರು.

"ಮತ್ತೆ ಒಂದು ಮಾತೂ ಬೈಲಿಲ್ಲವಲ್ಲ ಅಣ್ಣ ನೀವು."

"ಏನಂತ ಬೈಲಿ? ಕಂಬ ಬಿಚ್ಚಿದ್ ಕೈ ನಂದು. ಅವ್ಳು ಬ್ಯಾಡ ಬ್ಯಾಡ ಅಂತ ಕಂಬ ತಬ್ಕಂಡು ಅತ್ಲು. ಯಾರಾರೂ ಬಂದು ಕೇಳ್ಲಿ, ಆಮೇಲೆ ನೋಡಾನ ಅಂದ್ಲು. ನಿಂಗೇನು ಗೊತ್ತು ಸುಮ್ಕಿರು ಅಂತ ನಾನೇ ಬಾಯ್ ಮುಚ್ಚಿಸ್ದೆ." ಅವರು ಬಾವಿಯೊಳಗೆ ನೋಡುತ್ತಾ ನಿಂತರು. "ರೋಡು ಇತ್ತು, ನೀವು ನಿಲ್ಸುದ್ರಿ ಅಂತ ಅವ್ಳು ಅಂದ್ಕಂಡವ್ಳೆ. ಅಂಗೇ ಇರ್ಲಿ ಬುಡಿ ಮೇಡಂ. ನಿಜ ಗೊತ್ತಾದ್ರೆ ಇಲ್ದಿದ್ ರೋಡಿಗೆ ಮನೆ ಬಿಚ್ಚಿದ ಗಂಡ ಅಂತ ಅವ್ಳ ಕಣ್ಣಲ್ಲಿ ನಾನು ಬದುಕ್ಬೇಕಾಯ್ತದೆ. ಇನ್ಮೇಲೆ ಅವ್ಳಿಗೆ ಏನೂ ಏಳ್ಬೇಡಿ."

ನಾನು ತಲೆಯಾಡಿಸಿದೆ. ಒಳಗಿನಿಂದ ಅಕ್ಕ ಕರೆದರು.

ನಡುಮನೆಯಲ್ಲಿ ಚಾಪೆ ಹಾಸಿ ನನ್ನನ್ನು ಕೂರಿಸಿದರು. ಕುಂಕುಮ ಇಟ್ಟರು, ಹೂವು ಮುಡಿಸಿದರು. ಮೊರದಲ್ಲಿ ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ವೀಳ್ಯದೆಲೆ, ರವಿಕೆ ಕಣ. ತವರಿನಿಂದ ಹೊರಡುವ ಮಗಳಿಗೆ ಹಾಕುವ ಮಡಿಲಕ್ಕಿ. "ನಮ್ಮನೆ ಉಳಿಸ್ಕೊಟ್ಟೆ ಕಣವ್ವ. ಇನ್ಮೇಲೆ ಇದು ನಿನ್ ತವರ್ಮನೆ" ಎಂದರು. ಮೇಡಂ ಎನ್ನಲಿಲ್ಲ. ನಾನು ಚೂಡಿದಾರ ಹಾಕಿಕೊಂಡಿದ್ದೆ, ಅಕ್ಕಿ ಹಿಡಿಯಲು ಸೆರಗಿರಲಿಲ್ಲ. ಬೇಡ ಎಂದು ಎದ್ದುಬಿಡಬಹುದಿತ್ತು. ಅಕ್ಕನ ಹಿಂದೆ ಬಾಗಿಲಲ್ಲಿ ಅವರ ಯಜಮಾನರು ನಿಂತಿದ್ದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ದುಪಟ್ಟಾ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಒಡ್ಡಿದೆ.

ಮಡಿಲಕ್ಕಿಯನ್ನು ಬೇರೆಯವರಿಗೆ ಕೊಡುವಂತಿಲ್ಲ, ಚೆಲ್ಲುವಂತಿಲ್ಲ. ಪಡೆದವಳೇ ಮನೆಗೆ ತಂದು ಸಿಹಿ ಮಾಡಿ ಉಣ್ಣಬೇಕು. ಆ ಬೆಲ್ಲ ಹಾಕಿ ಪೊಂಗಲು ಮಾಡಿದೆ, ತಟ್ಟೆಗೆ ಬಡಿಸಿಕೊಂಡು ಕೂತು ಪೂರ್ತಿ ಉಂಡೆ.